ಯಂತ್ರಕ್ಕೆ ನಿಷ್ಠೆ, ಸಾವಿಗೆ ರಜೆ

ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನವನ್ನು ಕಂಪ್ಯೂಟರಿನ ಯುದ್ಧ ಸಿಮ್ಯುಲೇಟರ್‌ನಲ್ಲಿ ಹಾರಿಸಹೊರಟವರಿಗೆ ಮೊದಲ ಸೋಲು ನೆಲದ ಮೇಲೆಯೇ ಕಾದಿರುತ್ತದೆ. ಇಂಧನದ ಕಾಕ್ ತೆರೆದು, ಕೈಪಂಪಿನಿಂದ ಎಂಜಿನ್ನಿಗೆ ಒಂದಿಷ್ಟು ಪೆಟ್ರೋಲ್ ಊಡಿಸಿ, ಮ್ಯಾಗ್ನೆಟೋ ಸ್ವಿಚ್‌ಗಳನ್ನು ಏರಿಸಿ, ಸ್ಟಾರ್ಟರ್ ಒತ್ತಿದರೆ ಮರ್ಲಿನ್ ಎಂಜಿನ್ ಕೆಮ್ಮುತ್ತ ಎಚ್ಚರಗೊಳ್ಳುತ್ತದೆ. ಅಲ್ಲಿಂದ ರನ್‌ವೇ ಸೇರಲು ತಡಮಾಡಿದರೆ ಕೂಲೆಂಟ್ ಉಷ್ಣತೆಯ ಮುಳ್ಳು ಏರುತ್ತಲೇ ಹೋಗುತ್ತದೆ. ರೆಕ್ಕೆಯಡಿಯ ರೇಡಿಯೇಟರಿಗೆ ಗಾಳಿ ಬೇಕು; ನಿಂತಲ್ಲೇ ನಿಂತ ವಿಮಾನಕ್ಕೆ ಅದು ಸಾಲುವುದಿಲ್ಲ. ಸರಿ, ಬೇಗ ಓಡಿಸೋಣವೆಂದರೆ ಉದ್ದನೆಯ ಮೂತಿ ಎದುರಿನ ದಾರಿಯನ್ನೆಲ್ಲ ಮುಚ್ಚಿರುತ್ತದೆ. ಹಾವಿನಂತೆ ಆಚೀಚೆ ಹೊರಳುತ್ತ, ಪಕ್ಕದಿಂದ ಇಣುಕುತ್ತ ಸಾಗಬೇಕು. ಬ್ರೇಕನ್ನು ಒಂದೇ ಸಲಕ್ಕೆ ಹಿಚುಕಿದರೆ ವಿಮಾನ ಮುಗ್ಗರಿಸಿ ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತದೆ. ಡಿಸಿಎಸ್ ವರ್ಲ್ಡ್‌ನಂತಹ ಸಿಮ್ಯುಲೇಟರ್‌ಗಳು ಇಷ್ಟನ್ನೂ ಗುಂಡಿ ಗುಂಡಿಯಾಗಿ, ಮುಳ್ಳು ಮುಳ್ಳಾಗಿ ಕಟ್ಟಿಕೊಟ್ಟಿವೆ. ಇದನ್ನು ಹೀಗೆಯೇ, ಯಾವ ರಿಯಾಯಿತಿಯನ್ನೂ ಕೇಳದೆ ನಡೆಸುವುದಕ್ಕೆ ಆಡುವವರು ಇಟ್ಟಿರುವ ಹೆಸರು 'ರಿಯಲಿಸ್ಟಿಕ್'. ಆ ಹೆಸರಿನೊಳಗೆ ಹಳೆಯದೊಂದು ಪ್ರಶ್ನೆ ಕೂತಿದೆ. ಎಂಜಿನ್ನಿನ ಬಿಸಿಯನ್ನು ಡಿಗ್ರಿ ಲೆಕ್ಕದಲ್ಲಿ ತೋರಿಸಿ, ವಿಮಾನದೊಳಗೆ ಕೂತವನ ಸಾವನ್ನು ಮಾತ್ರ ಬಿಟ್ಟುಬಿಟ್ಟ ಯುದ್ಧವನ್ನು ನಿಜವೆನ್ನಬೇಕೇ, ಸುಳ್ಳೆನ್ನಬೇಕೇ?

ಯಂತ್ರದ ವಿವರಗಳ ಮೇಲಿನ ಆ ನಿಷ್ಠೆಗೆ ಸಲ್ಲಬೇಕಾದದ್ದು ಮೊದಲು ಸಲ್ಲಲಿ. 1940ರ ಸ್ಪಿಟ್‌ಫೈರ್‌ನ ಕಾರ್ಬ್ಯುರೇಟರ್ ತೇಲುಬುರುಡೆಯದು. ಪೈಲಟ್ ಮೂತಿಯನ್ನು ಥಟ್ಟನೆ ಕೆಳಕ್ಕೆ ಒತ್ತಿದರೆ ಅದರೊಳಗಿನ ಇಂಧನ ಮೇಲಕ್ಕೆ ಚಿಮ್ಮಿ ಎಂಜಿನ್ ಉಸಿರುಗಟ್ಟುತ್ತಿತ್ತು. ಎದುರಾಳಿ ಮೆಸರ್‌ಸ್ಮಿಟ್ 109ರ ಎಂಜಿನ್ನಿಗೆ ಇಂಧನ ನೇರವಾಗಿ ಸಿಲಿಂಡರಿನೊಳಕ್ಕೇ ಹೋಗುತ್ತಿದ್ದುದರಿಂದ ಅದಕ್ಕೆ ಈ ಕಾಯಿಲೆ ಇರಲಿಲ್ಲ. ಜರ್ಮನ್ ಪೈಲಟ್ ಮೂತಿ ಬಗ್ಗಿಸಿ ಧುಮುಕಿ ಪಾರಾಗುತ್ತಿದ್ದ. ಬೆನ್ನಟ್ಟಿದ ಬ್ರಿಟಿಷ್ ಪೈಲಟ್ ಮೊದಲು ವಿಮಾನವನ್ನು ಅಂಗಾತ ಮಾಡಿ ಆಮೇಲೆ ಎಳೆದುಕೊಳ್ಳಬೇಕಿತ್ತು. 1941ರಲ್ಲಿ ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟಿನ ಎಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್, ಇಂಧನದ ಹರಿವನ್ನು ಹದದಲ್ಲಿಡುವ ತೂತಿನದೊಂದು ಪುಟ್ಟ ಲೋಹದ ಬಿಲ್ಲೆಯನ್ನು ರೂಪಿಸಿ, ತಮ್ಮ ತಂಡದೊಂದಿಗೆ ವಾಯುನೆಲೆಗಳನ್ನು ಸುತ್ತಿ ಅಳವಡಿಸಿದರು. ಕಾಯಿಲೆ ಪೂರ್ತಿ ವಾಸಿಯಾಗಲಿಲ್ಲ, ಆದರೆ ತಾಳಿಕೊಳ್ಳುವಷ್ಟಾಯಿತು. 2011ರಲ್ಲಿ ಬಂದ 'ಕ್ಲಿಫ್ಸ್ ಆಫ್ ಡೋವರ್' ಸಿಮ್ಯುಲೇಟರ್‌ನಲ್ಲಿ ಆ ಮೊದಲ ಸ್ಪಿಟ್‌ಫೈರ್‌ನ ಮೂತಿ ಒತ್ತಿದರೆ ಎಂಜಿನ್ ಹಾಗೆಯೇ ಬಿಕ್ಕುತ್ತದೆ. ಪುಸ್ತಕದಲ್ಲಿ ಒಂದು ಸಾಲಾಗಿ ಓದಿ ಮರೆಯಬಹುದಾಗಿದ್ದ ಸಂಗತಿ ಇಲ್ಲಿ ಕೈಗೆ ಪಾಠವಾಗುತ್ತದೆ. ಒಂದು ಬಿಲ್ಲೆಯ ತೂತು ಏಕೆ ಅಷ್ಟು ದೊಡ್ಡ ವಿಷಯವಾಗಿತ್ತು ಎಂಬುದು ಅದಿಲ್ಲದೆ ಹಾರಿದವರಿಗೆ ತಟ್ಟನೆ ಗೊತ್ತಾಗುತ್ತದೆ.

ಹೀಗೆ ನಡೆಸುವುದರ ತಿರುಳು ಎಲ್ಲೆಗಳನ್ನು ಅರಿಯುವುದು. ಶಕ್ತಿ ಏರಿಸುವಾಗ ಮೊದಲು ಆರ್‌ಪಿಎಂ, ಎಂದರೆ ಎಂಜಿನ್ನಿನ ಸುತ್ತುವೇಗ; ಆಮೇಲೆ ಬೂಸ್ಟ್, ಎಂದರೆ ಅದರೊಳಕ್ಕೆ ತಳ್ಳುವ ಗಾಳಿಯ ಒತ್ತಡ. ಇಳಿಸುವಾಗ ಮೊದಲು ಬೂಸ್ಟ್, ಆಮೇಲೆ ಆರ್‌ಪಿಎಂ. ಕ್ರಮ ತಪ್ಪಿದರೆ ಎಂಜಿನ್ ತನ್ನ ಬಲಕ್ಕೇ ತಾನು ತುತ್ತಾಗುತ್ತದೆ. ಅಮೆರಿಕದ ಪಿ-51 ಮಸ್ಟಾಂಗ್ ವಿಮಾನದ ತುರ್ತುಶಕ್ತಿಯನ್ನು ಬಳಸಲು ಐದು ನಿಮಿಷದ ಗಡುವು. ಅದರ ಸೀಟಿನ ಹಿಂದಿನ ಟ್ಯಾಂಕಿನಲ್ಲಿ 85 ಗ್ಯಾಲನ್ ತುಂಬಿದ್ದರೆ ಬಾಲ ಭಾರವಾಗಿ, ಬಿಗಿಯಾದ ತಿರುವಿನಲ್ಲಿ ವಿಮಾನ ಕೈತಪ್ಪುತ್ತದೆ. ಆದ್ದರಿಂದ ಕಾಳಗಕ್ಕೆ ಮೊದಲೇ ಅದನ್ನು ಖಾಲಿ ಮಾಡಿಕೊಳ್ಳಬೇಕು. ಮೊದಲ ಸ್ಪಿಟ್‌ಫೈರ್‌ನ ಎಂಟು ಮೆಷಿನ್‌ಗನ್ನುಗಳಲ್ಲಿ ಒಂದೊಂದಕ್ಕೆ 300 ಗುಂಡು. ಒತ್ತಿಹಿಡಿದರೆ ಎಲ್ಲ ಸೇರಿ ಸುಮಾರು 15 ಸೆಕೆಂಡಿನ ಆಟ. ಇಲ್ಲಿ ಬಯಕೆ ಏನನ್ನು ಕೇಳಿದರೂ ಲೋಹ, ಎಣ್ಣೆ, ಗಾಳಿ ತಮ್ಮ ಉತ್ತರವನ್ನೇ ಕೊಡುತ್ತವೆ. ಮರ್ಯಾದೆ ಎಂಬ ಪದಕ್ಕೆ ಇಂದಿನ ಬಳಕೆಯಲ್ಲಿ ಗೌರವವೆಂಬ ಅರ್ಥ; ಮೂಲದಲ್ಲಿ ಅದಕ್ಕಿರುವ ಅರ್ಥ ಎಲ್ಲೆ, ಗಡಿ. ಎರಡು ಅರ್ಥವೂ ಒಂದೇ ಪದದಲ್ಲಿ ನೆಲೆಸಿದ್ದು ಸುಮ್ಮನೆ ಅಲ್ಲ. ಒಂದು ವಸ್ತುವಿನ ಗಡಿ ಎಲ್ಲಿದೆ ಎಂದು ತಿಳಿದು ಅಲ್ಲಿ ನಿಲ್ಲುವುದೇ ಅದಕ್ಕೆ ತೋರುವ ಗೌರವ. ಈ ಅರ್ಥದಲ್ಲಿ ಹಳೆಯ ವಿಮಾನವನ್ನು ಸರಿಯಾಗಿ ನಡೆಸಲು ಕಲಿಯುವುದು ಮರ್ಯಾದೆಯ ಅಭ್ಯಾಸ. ನನ್ನ ಇಷ್ಟದಂತೆ ಲೋಕ ನಡೆಯದು ಎಂಬ ಅರಿವು ಎಲ್ಲ ಧರ್ಮಗಳ ಮೊದಲ ಮೆಟ್ಟಿಲಾದ್ದರಿಂದ ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಆದರೆ ಇಲ್ಲಿ ಲೋಹವೂ ಇಲ್ಲ, ಎಣ್ಣೆಯೂ ಇಲ್ಲ, ಇರುವುದು ತೆರೆಯ ಮೇಲಿನ ಬೆಳಕು. ಸುಳ್ಳು ವಸ್ತುವಿನಿಂದ ನಿಜವಾದ ತಿಳಿವಳಿಕೆ ಹುಟ್ಟೀತೇ ಎಂದು ಕೇಳಬಹುದು. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದ ಎರಡನೇ ಅಧ್ಯಾಯದಲ್ಲಿ ಇಂಥದೇ ಆಕ್ಷೇಪವನ್ನು ಎದುರಿಸಿದ್ದಾರೆ. ಜಗತ್ತೇ ಮಿಥ್ಯೆಯಾದರೆ, ಅದರೊಳಗಿನ ಶಾಸ್ತ್ರವೂ ಮಿಥ್ಯೆ. ಮಿಥ್ಯೆಯಾದ ಶಾಸ್ತ್ರದಿಂದ ಸತ್ಯದ ಅರಿವು ಹೇಗೆ ಎಂಬುದು ಪ್ರಶ್ನೆ. ಅವರ ಉತ್ತರದಲ್ಲಿ ಬರುವ ನಿದರ್ಶನಗಳು ತೀರ ನೆಲದ ಮೇಲಿನವು. ಏರದ ವಿಷವನ್ನು ಏರಿತೆಂದು ಶಂಕಿಸಿಯೇ ಜನ ಸಾಯುವುದುಂಟು. ಕನಸಿನಲ್ಲಿ ಹಾವು ಕಚ್ಚುತ್ತದೆ, ಕನಸಿನಲ್ಲಿ ನೀರಿನಲ್ಲಿ ಮೀಯುತ್ತೇವೆ. ಎದ್ದಮೇಲೆ ಹಾವೂ ನೀರೂ ಇಲ್ಲವಾಗುತ್ತವೆ, ಆದರೆ ಕಂಡೆನೆಂಬ ಅರಿವು ಇಲ್ಲವಾಗುವುದಿಲ್ಲ. ಬರೆದ ಗೆರೆ ಅಕ್ಷರವಲ್ಲ, ಆದರೂ ಗೆರೆಯಿಂದ ಅಕ್ಷರ ತಿಳಿಯುತ್ತದೆ. ಈ ಕೊನೆಯ ನಿದರ್ಶನ ಸಿಮ್ಯುಲೇಟರಿಗೆ ಚೆನ್ನಾಗಿ ಒಪ್ಪುತ್ತದೆ. ತೆರೆಯ ಮೇಲಿನ ಮುಳ್ಳು ಉಷ್ಣತಾಮಾಪಕವಲ್ಲ, ಅದರ ಗೆರೆ ಮಾತ್ರ. ಆದರೂ ಆ ಗೆರೆಯಿಂದ ಮರ್ಲಿನ್ ಎಂಜಿನ್ನಿನ ಸ್ವಭಾವವನ್ನು ಓದಬಹುದು. ಹಾಗಾಗಿ 'ಇದೆಲ್ಲ ಬರೀ ಸುಳ್ಳು' ಎನ್ನುವವರ ವಾದ ನಿಲ್ಲುವುದಿಲ್ಲ. ಸಾಧನ ಸುಳ್ಳಾಗಿದ್ದರೂ ತಿಳಿದದ್ದು ನಿಜವಿರಬಹುದು.

ಇಷ್ಟಕ್ಕೇ ನಿಂತರೆ ಅರ್ಧ ಉತ್ತರ. ಉಳಿದರ್ಧಕ್ಕೆ ಉಡುಪಿಯ ಮಧ್ವಾಚಾರ್ಯರ ಕಡೆ ತಿರುಗಬೇಕು. ಕನಸನ್ನು ಕುರಿತು ಅವರ ನಿಲುವು ಮೊದಲ ಕೇಳಿಕೆಗೆ ವಿಚಿತ್ರವೆನಿಸುತ್ತದೆ: ಕನಸಿನ ವಸ್ತುಗಳೂ ನಿಜವೇ. ಮನಸ್ಸಿನಲ್ಲಿ ಉಳಿದ ವಾಸನೆಗಳೇ ಅವುಗಳ ದ್ರವ್ಯ. ಆ ದ್ರವ್ಯದಿಂದ ಈಶ್ವರನೇ ಅವನ್ನು ರಚಿಸಿ ತೋರಿಸುತ್ತಾನೆ. ತಪ್ಪು ಇರುವುದು ಒಂದೇ ಕಡೆ: ಅವನ್ನು ಎಚ್ಚರದ ಲೋಕದ ವಸ್ತುಗಳೆಂದು ಬಗೆಯುವಲ್ಲಿ. ಕನಸಿನ ಆನೆ ಕನಸಿನ ಆನೆಯಾಗಿ ಸತ್ಯ, ಗಜಶಾಲೆಯ ಆನೆಯೆಂದರೆ ಸುಳ್ಳು. ಎರಡು ದರ್ಶನಗಳ ನಡುವಿನ ದೊಡ್ಡ ವ್ಯಾಜ್ಯವನ್ನು ಇಲ್ಲಿ ತೀರಿಸಬೇಕಾಗಿಲ್ಲ. ಆದರೆ ನಮ್ಮ ಪ್ರಶ್ನೆಗೆ ಮಧ್ವರ ಈ ವಿಂಗಡಣೆ ಹೆಚ್ಚು ಹರಿತವಾದ ಕತ್ತಿ. ವಿನ್ಯಾಸದ ಲೆಕ್ಕಗಳು, ಪೈಲಟ್‌ಗಳ ಕೈಪಿಡಿಗಳು, ಇಂದಿಗೂ ಹಾರುತ್ತಿರುವ ಕೆಲವೇ ಹಳೆಯ ವಿಮಾನಗಳು ಬಿಟ್ಟುಕೊಟ್ಟ ಮಾಹಿತಿ: ಇವು ಸಿಮ್ಯುಲೇಟರ್‌ನ ವಾಸನೆಗಳು. ಅವುಗಳಿಂದ ಕಟ್ಟಿದ ವಿಮಾನ ತನ್ನ ಮಟ್ಟದಲ್ಲಿ ನಿಜವಾದ ವಸ್ತು, ನಿಜವಾದ ಕುಶಲ ರಚನೆ. ಅದನ್ನು 1940ರ ಆಗಸ್ಟಿನಲ್ಲಿ ನಿಜವಾದ ಕಾಳಗ ನಡೆದ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಆಕಾಶವೆಂದು ಕರೆದ ಕ್ಷಣದಲ್ಲಿ ಮಾತ್ರ ಭ್ರಮೆ ಹುಟ್ಟುತ್ತದೆ. ಆದ್ದರಿಂದ ಕೇಳಬೇಕಾದದ್ದು ಇಷ್ಟೇ: ನಾವು ಇದನ್ನು ಯಾವ ಹೆಸರಿನಿಂದ ಕರೆಯುತ್ತಿದ್ದೇವೆ?

ಹೆಸರಿನ ವ್ಯತ್ಯಾಸ ಎಷ್ಟು ದೊಡ್ಡದೆಂಬುದಕ್ಕೆ ಒಂದು ಇಂಧನದ ಟ್ಯಾಂಕನ್ನು ಹತ್ತಿರದಿಂದ ನೋಡಿದರೆ ಸಾಕು. ಸ್ಪಿಟ್‌ಫೈರ್‌ನಲ್ಲಿ ಪೈಲಟ್‌ನ ಮೊಣಕಾಲಿನ ಮುಂದೆ, ಉಪಕರಣಗಳ ಫಲಕದ ಆಚೆಗೆ, ಒಂದರ ಮೇಲೊಂದರಂತೆ ಎರಡು ಟ್ಯಾಂಕುಗಳಲ್ಲಿ 85 ಗ್ಯಾಲನ್, ಎಂದರೆ ಸುಮಾರು 385 ಲೀಟರ್ ಪೆಟ್ರೋಲ್ ಇರುತ್ತಿತ್ತು. ಸಿಮ್ಯುಲೇಟರ್‌ನಲ್ಲಿ ಇದು ಫಲಕದ ಮೇಲಿನ ಒಂದು ಅಂಕಿ. ಮನೆಗೆ ಮರಳಲು ಸಾಕೇ ಎಂದು ಲೆಕ್ಕ ಹಾಕುವ ವಿಷಯ. ನಿಜವಾದ ಯುದ್ಧದಲ್ಲಿ ಗುಂಡು ತಗಲಿದ ಟ್ಯಾಂಕು ಹೊತ್ತಿಕೊಂಡರೆ ಜ್ವಾಲೆ ನೇರವಾಗಿ ಕೈ ಮುಖಗಳ ಕಡೆಗೇ ನುಗ್ಗುತ್ತಿತ್ತು. ಹಾಗೆ ಸುಟ್ಟುಕೊಂಡವರಲ್ಲಿ ಅನೇಕರು ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್ ಆಸ್ಪತ್ರೆ ಸೇರಿದರು. ಅಲ್ಲಿ ನ್ಯೂಜಿಲೆಂಡ್ ಮೂಲದ ಶಸ್ತ್ರವೈದ್ಯ ಆರ್ಚಿಬಾಲ್ಡ್ ಮ್ಯಾಕಿಂಡೋ ರೆಪ್ಪೆಯನ್ನೂ ಮೂಗನ್ನೂ ಹೊಸದಾಗಿ ಕಟ್ಟಿದರು. ಸಮುದ್ರಕ್ಕೆ ಬಿದ್ದವರ ಗಾಯ ನೆಲಕ್ಕೆ ಬಿದ್ದವರದಕ್ಕಿಂತ ಚೆನ್ನಾಗಿ ಮಾಯುವುದನ್ನು ಗಮನಿಸಿ ಉಪ್ಪುನೀರಿನ ಸ್ನಾನದ ಚಿಕಿತ್ಸೆ ಬೆಳೆಯಿತು. ರೋಗಿಗಳೇ 1941ರಲ್ಲಿ ಕಟ್ಟಿಕೊಂಡ 'ಗಿನಿ ಪಿಗ್ ಕ್ಲಬ್' ಯುದ್ಧ ಮುಗಿಯುವ ಹೊತ್ತಿಗೆ 600ಕ್ಕೂ ಹೆಚ್ಚು ಸದಸ್ಯರನ್ನು ಪಡೆದಿತ್ತು. ಅದೇ ಟ್ಯಾಂಕು, ಅದೇ 85 ಗ್ಯಾಲನ್. ಅಳತೆಯಲ್ಲಿ ಕೂದಲಷ್ಟೂ ತಪ್ಪದೆ ಅರ್ಥವನ್ನೆಲ್ಲ ಕಳೆದುಕೊಳ್ಳುವುದು ಹೇಗೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಮಹಾಭಾರತದಲ್ಲಿ ಅರ್ಜುನನಿಗೆ ಎರಡು ಪರೀಕ್ಷೆಗಳಾಗುತ್ತವೆ. ಮೊದಲನೆಯದು ದ್ರೋಣರದು: ಮರದ ಮೇಲಿನ ಹಕ್ಕಿಯನ್ನು ತೋರಿಸಿ ಏನು ಕಾಣುತ್ತದೆಂದು ಕೇಳಿದಾಗ ಅವನಿಗೆ ಗುರಿಯೊಂದೇ ಕಾಣುತ್ತದೆ, ಮರವಲ್ಲ, ಜೊತೆಗಾರರಲ್ಲ. ಎರಡನೆಯದು ಕುರುಕ್ಷೇತ್ರದ್ದು: ಎರಡು ಸೇನೆಗಳ ನಡುವೆ ರಥ ನಿಂತಾಗ ಅವನಿಗೆ ಗುರಿಯ ಬದಲು ಅಜ್ಜ, ಗುರು, ಸೋದರರು ಕಾಣಿಸುತ್ತಾರೆ, ಗಾಂಡೀವ ಕೈಯಿಂದ ಜಾರುತ್ತದೆ. ಮೊದಲ ಪರೀಕ್ಷೆಯ ಹಕ್ಕಿ ಕೃತಕವಾದದ್ದೆಂಬುದನ್ನು ನಾವು ಮರೆತೇಬಿಡುತ್ತೇವೆ. ಅದು ಜೀವವಿಲ್ಲದ ಗುರಿ, ಇಂದಿನ ಮಾತಿನಲ್ಲಿ ಒಂದು ಸಿಮ್ಯುಲೇಟರ್. ಓಡುವ ವಿಮಾನದ ಮುಂದೆ ಎಷ್ಟು ದೂರಕ್ಕೆ ಗುಂಡು ಹಾರಿಸಬೇಕು, ಎತ್ತರವನ್ನು ಯಾವಾಗ ವೇಗವಾಗಿ ಬದಲಿಸಿಕೊಳ್ಳಬೇಕು, ಸೂರ್ಯನನ್ನು ಬೆನ್ನಿಗೆ ಹೇಗೆ ಇಟ್ಟುಕೊಳ್ಳಬೇಕು: ದ್ರೋಣರ ಪ್ರಶ್ನೆಗಳನ್ನೆಲ್ಲ ಸಿಮ್ಯುಲೇಟರ್ ಕೇಳುತ್ತದೆ, ನ್ಯಾಯವಾಗಿಯೇ ಕೇಳುತ್ತದೆ. ಕುರುಕ್ಷೇತ್ರದ ಪ್ರಶ್ನೆಯನ್ನು ಅದು ಕೇಳಲಾರದು, ಏಕೆಂದರೆ ಅಲ್ಲಿ ಎದುರಿಗೆ ಸಾಯುವವರು ಯಾರೂ ಇಲ್ಲ. ಮೊದಲ ಪರೀಕ್ಷೆಯಲ್ಲಿ ಗೆದ್ದವನೇ ಎರಡನೆಯದರಲ್ಲಿ ಕುಸಿದು ಕೂತ ಎಂಬುದನ್ನು ನೆನೆದರೆ, ಒಂದರ ಅಂಕಪಟ್ಟಿ ಇನ್ನೊಂದಕ್ಕೆ ನಡೆಯದು ಎಂಬುದು ಸ್ಪಷ್ಟ.

ಇದಕ್ಕೆ ಸುಲಭದ ಆಕ್ಷೇಪವೊಂದಿದೆ. ಚದುರಂಗದಲ್ಲೂ ಆನೆ, ಕುದುರೆ, ಪದಾತಿಗಳಿವೆ. ಮಡಿದ ಪದಾತಿಗೆ ಯಾರಾದರೂ ಸೂತಕ ಹಿಡಿಯುತ್ತಾರೆಯೇ? ಆಟವನ್ನು ಆಟವಾಗಿ ಬಿಡಬಾರದೇ? ಬಿಡಬಹುದು, ಅದು ಆಟವೆಂದೇ ಹೇಳಿಕೊಂಡರೆ. ಚದುರಂಗ ತಾನು ಯಾವುದೋ ಒಂದು ರಣರಂಗದ ಪ್ರತಿರೂಪವೆಂದು ಹೇಳಿಕೊಳ್ಳುವುದಿಲ್ಲ; ಅದರ ಆನೆಗೆ ಸೊಂಡಿಲಿಲ್ಲದಿದ್ದರೂ ಯಾರೂ ದೂರುವುದಿಲ್ಲ. ಇಲ್ಲಿ ಹಾಗಲ್ಲ. ವಿಮಾನದ ಪಕ್ಕೆಯ ಮೇಲೆ ನಿಜವಾದ ಸ್ಕ್ವಾಡ್ರನ್ನಿನ ಅಕ್ಷರಗಳು, ಅದು ನಿಜವಾಗಿ ಹಾರಿದ ವಾಯುನೆಲೆ, ಅದೇ ವರ್ಷದ ಬಣ್ಣ. ಬಣ್ಣದ ಛಾಯೆ ಒಂದಿಷ್ಟು ತಪ್ಪಿದರೂ ವಾದಕ್ಕಿಳಿಯುವ ಮಟ್ಟದ ನಿಷ್ಠೆ ಇದು. ನಿಜಕ್ಕೆ ಹತ್ತಿರವೆಂದು ಹಕ್ಕು ಸಾಧಿಸಿದವರು ಆ ಹಕ್ಕಿನ ಸಾಲವನ್ನೂ ಹೊರಬೇಕಾಗುತ್ತದೆ. 1940ರ ಬ್ರಿಟನ್ ಕದನದಲ್ಲಿ ಬ್ರಿಟಿಷ್ ವಾಯುಪಡೆಯ ಫೈಟರ್ ಕಮಾಂಡಿನ ಪರವಾಗಿ ಹಾರಿದ ಸುಮಾರು 2,900 ಮಂದಿಯಲ್ಲಿ 544 ಮಂದಿ ಆ ಕದನದಲ್ಲೇ ಸತ್ತರು. ಆ ಅಕ್ಷರಗಳನ್ನು ಎರವಲು ತಂದವರು ಈ ಅಂಕಿಯನ್ನು ಬಿಟ್ಟು ತರುವಂತಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ನಿಜವಾದ ಪೈಲಟ್‌ಗಳೇ ತಾವು ಮನುಷ್ಯನಿಗಲ್ಲ, ಯಂತ್ರಕ್ಕೆ ಗುಂಡು ಹಾರಿಸಿದೆವೆಂದು ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. ನೂರಾರು ಗಜ ದೂರದ ರೆಕ್ಕೆ ಕಾಣುತ್ತದೆ, ಮುಖ ಕಾಣುವುದಿಲ್ಲ. ಅಂದಮೇಲೆ ಎದುರಾಳಿಯನ್ನು ಯಂತ್ರವಾಗಿ ಮಾತ್ರ ತೋರಿಸುವ ಸಿಮ್ಯುಲೇಟರ್ ಈ ವಿಷಯದಲ್ಲೂ ನಿಜಕ್ಕೆ ನಿಷ್ಠವಾಗಿದೆಯಲ್ಲವೇ? ಗಾಂಧಾರಿಯನ್ನು ನೆನೆದರೆ ಉತ್ತರ ಸಿಗುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಬೇಕಾದರೆ ನೋಟವಿರಬೇಕು, ನೋಡಲು ಏನಾದರೂ ಇರಬೇಕು. ಆ ಪೈಲಟ್‌ಗಳು ಮನುಷ್ಯನನ್ನು ಕಾಣದಂತೆ ಮನಸ್ಸಿಗೆ ಬಟ್ಟೆ ಕಟ್ಟಿಕೊಂಡರು. ಕಟ್ಟಿಕೊಳ್ಳಬೇಕಾಗಿ ಬಂದದ್ದೇ ಬಟ್ಟೆಯಾಚೆ ಮನುಷ್ಯನಿದ್ದದ್ದಕ್ಕೆ. ಸಂಜೆ ಮೆಸ್ಸಿನಲ್ಲಿ ಖಾಲಿ ಉಳಿದ ಕುರ್ಚಿ ಆ ಗಂಟನ್ನು ದಿನವೂ ಸಡಿಲಿಸುತ್ತಿತ್ತು. ಸಿಮ್ಯುಲೇಟರ್‌ನಲ್ಲಿ ಬಟ್ಟೆ ಬಿಚ್ಚಿದರೂ ಆಚೆ ಏನೂ ಇಲ್ಲ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಒಂದು ತಾನು ಮುಚ್ಚಿಟ್ಟದ್ದನ್ನು ಬಲ್ಲದು, ಇನ್ನೊಂದಕ್ಕೆ ಮುಚ್ಚಿಡಲು ಏನೂ ಇಲ್ಲ.

ಬಿಟ್ಟದ್ದನ್ನು ಬಿಟ್ಟೆವೆಂದು ಒಪ್ಪದಿದ್ದರೆ ಆಗುವ ಎಡವಟ್ಟು ಜರ್ಮನ್ ವಿಮಾನಗಳಲ್ಲಿ ಇನ್ನೂ ಢಾಳಾಗಿ ಕಾಣುತ್ತದೆ. ನಾಜಿಗಳ ಸ್ವಸ್ತಿಕ ಚಿಹ್ನೆಯ ಪ್ರದರ್ಶನಕ್ಕೆ ಜರ್ಮನಿಯ ಕಾನೂನಿನ ನಿರ್ಬಂಧವಿರುವುದರಿಂದ ಅನೇಕ ಸಿಮ್ಯುಲೇಟರ್‌ಗಳಲ್ಲಿ ಮೆಸರ್‌ಸ್ಮಿಟ್‌ಗಳು ಬೋಳು ಬಾಲದೊಂದಿಗೇ ಬರುತ್ತವೆ. ಕೆಲವರಿಗೆ ಇದು ವಾಸ್ತವಕ್ಕಾದ ಅಪಚಾರ. ಚಿಹ್ನೆಯನ್ನು ತಾವೇ ಅಂಟಿಸಿಕೊಂಡು ಚಿತ್ರ ಪೂರ್ತಿಯಾಯಿತೆಂದು ಸಮಾಧಾನಪಡುತ್ತಾರೆ. ಆದರೆ ಆ ವಿಮಾನದ ಮೈಮೇಲಿನ ರಿವೆಟ್‌ಗಳನ್ನು ನೋಡಿ. ಸಿಮ್ಯುಲೇಟರ್ ಅವನ್ನು ಸಾಲುಸಾಲಾಗಿ, ಬೆಳಕು ಬಿದ್ದಾಗ ಮಿನುಗುವಂತೆ ತೋರಿಸುತ್ತದೆ. 1943ರಿಂದ ಫ್ಲೋಸೆನ್‌ಬ್ಯುರ್ಗ್ ಸೆರೆಶಿಬಿರದ ಕೈದಿಗಳಿಂದ ಮೆಸರ್‌ಸ್ಮಿಟ್ 109ರ ಬಿಡಿಭಾಗಗಳನ್ನು ಮಾಡಿಸಲಾಗುತ್ತಿತ್ತು. ರಿವೆಟ್‌ ಇದೆ, ಅದನ್ನು ಬಡಿದ ಹಸಿದ ಕೈ ಇಲ್ಲ. ಚಿಹ್ನೆ ಅಂಟಿಸಿದರೂ ಅಂಟಿಸದಿದ್ದರೂ ಈ ಕೊರತೆ ತುಂಬುವುದಿಲ್ಲ. ವಾಸ್ತವದ ಹೆಸರಿನಲ್ಲಿ ನಡೆಯುವ ಜಗಳ ಕಣ್ಣಿಗೆ ಕಾಣುವ ಮೇಲ್ಮೈಯದ್ದೇ ಆದಾಗ, ಮೇಲ್ಮೈಯನ್ನೇ ವಸ್ತುವೆಂದು ಬಗೆಯುವ ಹಳೆಯ ತಪ್ಪು ಹೊಸ ವೇಷದಲ್ಲಿ ಬಂದಿರುತ್ತದೆ.

ಸಾವಿಲ್ಲದ್ದೆಲ್ಲ ಅಪೂರ್ಣವೆಂದರೆ ತರಬೇತಿಯೂ ಅಪೂರ್ಣವೇ ಎಂಬುದು ಮೂರನೆಯ ಆಕ್ಷೇಪ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ನಿನಲ್ಲಿ ತಂದೆಯ ಆರ್ಗನ್ ಮತ್ತು ಪಿಯಾನೋ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಎಡ್ವಿನ್ ಲಿಂಕ್, ಆರ್ಗನ್ನಿನ ತಿದಿಗಳನ್ನೇ ಬಳಸಿ 1929ರಲ್ಲಿ ಓಲಾಡುವ ಹಾರಾಟ ಪೆಟ್ಟಿಗೆಯೊಂದನ್ನು ಕಟ್ಟಿದರು. 1934ರಲ್ಲಿ ಅಮೆರಿಕದ ಸೇನಾ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಅಂಚೆ ಸಾಗಿಸಲು ಹೋಗಿ ಸಾಲಾಗಿ ಸತ್ತ ಮೇಲೆ ಸೇನೆ ಆರು ಪೆಟ್ಟಿಗೆಗಳನ್ನು ಕೊಂಡಿತು. ಸಿಮ್ಯುಲೇಟರ್ ಬೇರೂರಿದ್ದೇ ಸಾವನ್ನು ತಪ್ಪಿಸುವ ಕೆಲಸದಲ್ಲಿ. ಅದರಲ್ಲಿ ಸಾವಿಲ್ಲವೆಂದು ದೂರುವುದೆಂತು? ಸರಿಯೇ. ಆದರೆ ಲಿಂಕ್ ಪೆಟ್ಟಿಗೆಯಿಂದ ಇಳಿದವನು ಮೋಡದೊಳಕ್ಕೆ ಹೋಗುವವನಿದ್ದ. ಪೆಟ್ಟಿಗೆಯ ಅರ್ಥವನ್ನು ಆ ಮೋಡ ತುಂಬುತ್ತಿತ್ತು. ಮನೆಯ ಸಿಮ್ಯುಲೇಟರ್‌ನಿಂದ ಎದ್ದವರು ಸ್ಪಿಟ್‌ಫೈರ್ ಹತ್ತುವುದಿಲ್ಲ. ಇದನ್ನು ಕಂಡು ಕೆಲವರಿಗೆ ಗೀತೆಯ ನಿಷ್ಕಾಮ ಕರ್ಮ ನೆನಪಾಗಬಹುದು: ಫಲವಿಲ್ಲದ, ಕೆಲಸಕ್ಕಾಗಿಯೇ ಮಾಡಿದ ಕೆಲಸ. ಹೋಲಿಕೆ ಮುದ್ದಾಗಿದೆ, ನಿಲ್ಲುವುದಿಲ್ಲ. ಗೀತೆ ಬಿಡಹೇಳುವುದು ಫಲದ ಅಂಟನ್ನು; ಫಲವೇ ಇಲ್ಲದ ಕೆಲಸವನ್ನು ಅದು ಮಾಡಹೇಳುವುದಿಲ್ಲ. ಅರ್ಜುನನ ಬಾಣಕ್ಕೆ ಭೀಕರ ಫಲಗಳಿದ್ದವು. ಕಳೆದುಕೊಳ್ಳಲು ಏನೂ ಇಲ್ಲದವನು ತ್ಯಾಗ ಮಾಡಿದೆನೆಂದರೆ ಜನ ನಕ್ಕಾರು.

ಹಾಗಾದರೆ ಉಳಿಯುವುದೇನು? ಸಣ್ಣದಾದರೂ ಗಟ್ಟಿಯಾದದ್ದೊಂದು ಉಳಿಯುತ್ತದೆ. ಯಂತ್ರದ ಮರ್ಯಾದೆ ಕಲಿತವರಿಗೆ ಮರ್ಯಾದೆ ಎಂದರೇನೆಂಬುದು ಗೊತ್ತು. ಬೂಸ್ಟ್ ಎಲ್ಲಿ ನಿಲ್ಲಬೇಕೆಂದು ಬಲ್ಲವರು ಹೆಸರು ಎಲ್ಲಿ ನಿಲ್ಲಬೇಕೆಂದೂ ಅರಿಯಬಲ್ಲರು. ರಿಯಲಿಸ್ಟಿಕ್ ಎಂಬ ಮಾತನ್ನು ಎಂಜಿನ್ನಿಗೆ ಹೇಳಿ, ಕಾರ್ಬ್ಯುರೇಟರಿಗೆ ಹೇಳಿ, ಗಾಳಿಗೆ ಹೇಳಿ; ಯುದ್ಧದ ಹೊಸ್ತಿಲಲ್ಲಿ ಆ ಮಾತು ಹೊರಗೇ ನಿಲ್ಲಲಿ. ಆಗ ಸಿಮ್ಯುಲೇಟರ್ ಮಧ್ವರ ಕನಸಿನಂತೆ ತನ್ನ ದ್ರವ್ಯದಲ್ಲಿ ಪೂರ್ತಿ ನಿಜವಾಗಿರುತ್ತದೆ, ಯಾರನ್ನೂ ವಂಚಿಸುವುದಿಲ್ಲ. ಯುದ್ಧದ ಬಗ್ಗೆ ಅದು ಕಲಿಸಬಹುದಾದದ್ದೂ ಆ ಹೊಸ್ತಿಲಿನಲ್ಲೇ ಸಿಗುತ್ತದೆ. ಬಿಸಿಯ ಮುಳ್ಳನ್ನೂ ಬಾಲದ ಹಿಂದಿನ ಆಕಾಶವನ್ನೂ ಒಟ್ಟಿಗೆ ಕಾಯಲು ಕೋಣೆಯ ನೆಮ್ಮದಿಯಲ್ಲೇ ಇಷ್ಟು ಕಷ್ಟವಾದರೆ, ಇಪ್ಪತ್ತು ವರ್ಷದ ಹುಡುಗನೊಬ್ಬ ಮೊಣಕಾಲ ಮುಂದೆ 385 ಲೀಟರ್ ಪೆಟ್ರೋಲ್ ಇಟ್ಟುಕೊಂಡು ಅದನ್ನು ಹೇಗೆ ಮಾಡಿದ ಎಂಬ ಬೆರಗು ಅದು. ಆಟದ ಲೆಕ್ಕಕ್ಕೆ ಕಾಳಗ ಮುಗಿದರೆ ಸಾಕು. ಇಳಿದು ಬಂದು, ಎಂಜಿನ್ನಿಗೆ ಇಂಧನ ಕಡಿದು, ಪ್ರೊಪೆಲ್ಲರ್ ನಿಂತ ಮೇಲೆ ಮ್ಯಾಗ್ನೆಟೋ ಆರಿಸಿ, ಇಂಧನದ ಕಾಕ್ ಮುಚ್ಚುವುದಕ್ಕೆ ಅಂಕವಿಲ್ಲ. ಕೈಪಿಡಿಯ ಕೊನೆಯ ಆ ಕೆಲವು ಸಾಲುಗಳನ್ನೂ ಬಿಡದೆ ಪಾಲಿಸುವುದು ಒಳ್ಳೆಯದು. 544 ಮಂದಿಗೆ ಒಂದು ದಿನ ಅವನ್ನು ಪಾಲಿಸುವ ಸರದಿ ಬರಲಿಲ್ಲ.